ಕಟ್ಟಿಹಾಕಿದ ಹಕ್ಕಿ



ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಹಾರಿಬರುವ ಕಾಡುಬಾತುಗಳಿಗೆ ನಮ್ಮ ಚನ್ನಗಿರಿಯ ಸೂಳೆಕೆರೆಯಂತಹ ಕೆರೆಗಳೇ ಆಸರೆ. "ಬಾತಿನ ಮಾಂಸ ಹಲಾಲ್ ತಾನೇ, ಬೇಟೆಯಾಡಿದರೇನು?" ಎಂದು ಯುವಕರು ಕೇಳುವುದುಂಟು. ನಿಜ, ಬಾತು ಹಲಾಲ್. ಆಹಾರಕ್ಕಾಗಿ ಬೇಟೆಯನ್ನು ಶರೀಅತ್ ಅನುಮತಿಸಿದೆ. ಮೋಜಿಗಾಗಿ ಜೀವ ತೆಗೆಯುವುದನ್ನಲ್ಲ.

ಹಕ್ಕಿಯೊಂದನ್ನು ಕಟ್ಟಿಹಾಕಿ ಬಾಣ ಬಿಡುತ್ತಿದ್ದ ತರುಣರು ಹಝ್ರತ್ ಇಬ್ನು ಉಮರ್(ರ)ರನ್ನು ಕಂಡೊಡನೆ ಚದುರಿದರು. ಜೀವವಿರುವುದನ್ನು ಗುರಿಯಾಗಿಸುವವನನ್ನು ಪ್ರವಾದಿ(ಸ) ಶಪಿಸಿದ್ದಾರೆಂದು ಅವರು ಎಚ್ಚರಿಸಿದರು. ಬಾತಿನ ಕಾಲಿಗೆ ದಾರ ಕಟ್ಟಿ ನೀರಿಗೆ ಬಿಟ್ಟು, ಅದರ ಕೂಗಿಗೆ ಇಳಿಯುವ ಹಿಂಡಿಗೆ ಹೊಂಚು ಹಾಕುವವರು ಇದನ್ನು ನೆನೆಯಲಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಾಡುಬಾತಿನ ಬೇಟೆ ಅಪರಾಧ. ನಾಡಿಗೆ ಕೊಟ್ಟ ಮಾತನ್ನು ಉಳಿಸುವುದೂ ವಿಶ್ವಾಸಿಯ ಗುಣ. ಬಾತಿನ ರುಚಿ ಬೇಕೆನಿಸಿದರೆ ಸಾಕಿದ ಬಾತಿದೆ. ಬಿಸ್ಮಿಲ್ಲಾಹ್ ಹೇಳಿ ಹರಿತವಾದ ಚೂರಿಯಿಂದ ಝಬಹ್ ಮಾಡಿರಿ. ಮೂಕ ಜೀವಿಯ ವಿಷಯದಲ್ಲೂ ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕಿದೆ.