ಯಾರನ್ನು ಕೇಳಿ ತಿದ್ದಿದೆ?

ಡೊಂಬಿವಲಿಯ ಮನೆಯಲ್ಲೇ ಕೂತು ನಾನು ಮಕ್ಕಳ ಪುಸ್ತಕಗಳನ್ನು ತಿದ್ದುತ್ತೇನೆ. ಸಂಬಳವಿಲ್ಲ; ಪುಸ್ತಕಕ್ಕೆ ಇಷ್ಟು ಅಂತ ದುಡ್ಡು. ಹಳೆಯ ಕಥೆಗಳಲ್ಲಿ ಜಾಗ ಸಿಗದ ಮಕ್ಕಳ ಕಥೆಗಳೇ ಹೆಚ್ಚು. 2004ರಲ್ಲಿ ಪ್ರಥಮ್ ಬುಕ್ಸ್, 2015ರಲ್ಲಿ ಅದರ ಸ್ಟೋರಿವೀವರ್ ಶುರುವಾದ ಮೇಲೆ ಇಂಥವು ಕನ್ನಡಕ್ಕೂ ಬರುತ್ತಿವೆ.

ಒಂದು ಕಥೆಯಲ್ಲಿ ‘ಕಿವುಡ’ ಎಂದಿತ್ತು. ಹೊಡೆದುಹಾಕಿ ‘ಶ್ರವಣದೋಷವುಳ್ಳ ಬಾಲಕ’ ಎಂದು ಬರೆದೆ. ಪಕ್ಕದ ಮನೆಯ ಹುಡುಗನಿಗೆ ಓದಿ ಹೇಳಿದೆ. ಉಡುಪಿ ಕಡೆಯವರ ಮಗ, ಕಿವಿಗೆ ಮಷಿನ್ ಹಾಕ್ತಾನೆ.

“ಆಂಟಿ, ದೋಷ ಅಂದ್ರೆ ಮಿಸ್ಟೇಕ್ ಅಲ್ವಾ? ಅವನು ಎಂಥ ಮಿಸ್ಟೇಕ್ ಮಾಡಿದ?”

ನನಗೆ ಮಾತೇ ಹೊರಡಲಿಲ್ಲ. ಬೈಗುಳ ತೆಗೆಯಲು ಹೋಗಿ ಅವನ ತಲೆಗೆ ತಪ್ಪು ಕಟ್ಟಿದ್ದೆ.

ಮದುವೆಯಾಗಿ ಮುಂಬಯಿಗೆ ಬಂದಾಗ ಚಾಳಿನವರು ನನ್ನನ್ನು ‘ಮದ್ರಾಸಿ’ ಅನ್ನುತ್ತಿದ್ದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನೀನು ಯಾರಮ್ಮ ಅಂತ ಒಬ್ಬರೂ ಕೇಳಿರಲಿಲ್ಲ, ಅಷ್ಟೆ. ನೊಂದದ್ದು ಅದಕ್ಕೇ. ಈಗ ಒಳ್ಳೆಯ ಉದ್ದೇಶದಿಂದ ನಾನೂ ಅದನ್ನೇ ಮಾಡಿದ್ದೆ.

“ನೀನಾದ್ರೆ ಹೇಗೆ ಹೇಳ್ತಿ ಮಗಾ?”

“ನಂಗೆ ಕಿವಿ ಕಮ್ಮಿ ಕೇಳ್ತದೆ ಅಂತ.”

ಅದನ್ನೇ ಬರೆದೆ. ಆದರೆ ಒಬ್ಬನ ಮಾತು ಎಲ್ಲರ ಮಾತಲ್ಲ. ಮುಂದಿನ ಪುಸ್ತಕಕ್ಕೆ ಇನ್ನೊಬ್ಬರ ಬಾಗಿಲು ತಟ್ಟಬೇಕು.