ಕಾಳಿಗೆ ನಡೆದುಕೊಳ್ಳುವವರು

ಕ್ರೈಸ್ತಧರ್ಮಕ್ಕೂ ಹಿಂದಿನ ದೇವತೆಗಳನ್ನು ಮತ್ತೆ ಪೂಜಿಸಹೊರಟ ಪೇಗನ್ ಪಂಥಗಳು ಯುರೋಪು, ಅಮೆರಿಕಗಳಲ್ಲಿವೆ. ಜೆರಾಲ್ಡ್ ಗಾರ್ಡ್‌ನರ್ 1954ರ ತನ್ನ ಪುಸ್ತಕದಲ್ಲಿ ಲೋಕದ ಮುಂದಿಟ್ಟ ವಿಕ್ಕಾ ಅವುಗಳಲ್ಲಿ ಹೆಸರಾದದ್ದು. ಈ ಬಳಗ ಬೆಳೆದಂತೆ ನಮ್ಮ ಕಾಳಿಯೂ ಗಣಪತಿಯೂ ಅವರ ಪೂಜಾಪೀಠ ಏರಿದರು. 1980ರ ಸುಮಾರಿಗೆ ಅಮೆರಿಕದ ದೇವಿ ಆರಾಧಕರಲ್ಲಿ ಹಬ್ಬಿದ ಪುಟ್ಟ ಹಾಡೊಂದರಲ್ಲಿ ಐಸಿಸ್, ಡಯಾನಾ, ಇನಾನ್ನಾರ ಸಾಲಿನಲ್ಲೇ ಕಾಳಿಯ ಹೆಸರೂ ಬರುತ್ತದೆ. ಇದನ್ನು ಕೇಳಿದವರಲ್ಲಿ ಕೆಲವರು ಹೆಮ್ಮೆಪಡುತ್ತಾರೆ, ಕೆಲವರು ಕಳ್ಳತನವೆಂದು ಸಿಟ್ಟಾಗುತ್ತಾರೆ. ಇಬ್ಬರೂ ನೋಡುವುದು ಪೂಜಿಸುವವರ ಹುಟ್ಟನ್ನೇ. ಕೋಲಾರ ಸೀಮೆಯ ದೇವರುಗಳ ಚರಿತ್ರೆ ಬಲ್ಲವರು ಅಷ್ಟಕ್ಕೆ ನಿಲ್ಲಲಾರರು.

ಗಂಗರ ಕುವಳಾಲ, ಅಂದರೆ ಇಂದಿನ ಕೋಲಾರ, ಚೋಳರ ಕೈಸೇರಿದ್ದು ಸುಮಾರು 1004ರಲ್ಲಿ. ಗೆದ್ದವರು ಅಲ್ಲಿನ ಅಮ್ಮನನ್ನು ತಮ್ಮ ತಮಿಳಿನಲ್ಲಿ ಪಿಡಾರಿ ಎಂದು ಕರೆದರು. ಇಂದಿನ ಕೋಲಾರಮ್ಮ ಆಕೆಯೇ. ಹೊರಗಿನವರು, ಹೊಸ ಹೆಸರಿಟ್ಟವರು. ಆದರೆ ರಾಜೇಂದ್ರ ಚೋಳನ ಕಾಲದಲ್ಲಿ ಇಟ್ಟಿಗೆಯ ಗುಡಿಯನ್ನು ಕಲ್ಲಿನಲ್ಲಿ ಕಟ್ಟಿಸಿದರು, ಪೂಜೆಗೂ ಪರಿಚಾರಕರಿಗೂ ಇಷ್ಟಿಷ್ಟೆಂದು ಶಾಸನ ಬರೆಸಿ ತಮ್ಮನ್ನು ಕಟ್ಟಿಹಾಕಿಕೊಂಡರು. ಕೋಲಾರ, ಮಾಲೂರುಗಳ ಕರಗವನ್ನು ನೋಡಿ. ಮಹಾಭಾರತದ ದ್ರೌಪದಿ ಅದನ್ನು ನಡೆಸುವ ತಿಗಳ ಸಮುದಾಯಕ್ಕೆ ಆದಿಶಕ್ತಿ. ಆಕೆಯ ಆರಾಧನೆಯ ದೊಡ್ಡ ನೆಲೆ ತಮಿಳುನಾಡಿನ ಜಿಂಜಿ ಪ್ರದೇಶ. ಗಡಿ ದಾಟಿ ಬಂದ ಈ ದೇವತೆ ನಮ್ಮವಳಾದದ್ದು ಕರಗ ಹೊರುವವನ ವ್ರತದಿಂದ, ಕತ್ತಿ ಹಿಡಿದ ವೀರಕುಮಾರರ ಕಟ್ಟುನಿಟ್ಟಿನಿಂದ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಗೌನಿಪಲ್ಲಿಯ ಸೀಮೆಯಲ್ಲಿ ಗಂಗಮ್ಮನ ಭಾಷೆ ಯಾವುದೆಂದು ಕೇಳಿದರೆ ಜನ ನಕ್ಕಾರು. ತಂಬಿಟ್ಟಿನ ದೀಪ ಹೊತ್ತು ಬಂದರೆ ಆಯಿತು.

ಹಾಗಾಗಿ ನನ್ನ ತಕರಾರು ಕಾಳಿಯನ್ನು ಕರೆಯುವ ಪರದೇಶದವರ ಮೇಲಲ್ಲ, ಕೋಪವೋ ಧೈರ್ಯವೋ ಬೇಕಾದಾಗ ಕರೆದು ಆಮೇಲೆ ಮರೆಯುವ ರೀತಿಯ ಮೇಲೆ. ಹರಕೆಯಿಲ್ಲ, ಮಡಿಯಿಲ್ಲ, ತಪ್ಪಿದರೆ ಕೇಳುವ ಊರಿಲ್ಲ. ಶಕ್ತಿ ಮಾತ್ರ ಬೇಕು. ಚೋಳರು ದಂಡೆತ್ತಿ ಬಂದವರು, ಅವರನ್ನೇಕೆ ಮೆಚ್ಚಬೇಕು ಎನ್ನಬಹುದು. ಅವರ ದಂಡಯಾತ್ರೆಯನ್ನು ಯಾರೂ ಮೆಚ್ಚಬೇಕಿಲ್ಲ. ಗೆದ್ದವನೂ ದೇವಿಯ ಸಾಲಗಾರನಾಗಬೇಕಾಯಿತು ಎಂಬುದಷ್ಟೇ ಇಲ್ಲಿ ಮುಖ್ಯ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಗೀತೆಯ ಒಂಬತ್ತನೆಯ ಅಧ್ಯಾಯದ್ದು: ಶ್ರದ್ಧೆಯಿಂದ ಬೇರೆ ದೇವತೆಗಳನ್ನು ಪೂಜಿಸುವವರೂ, ವಿಧಿ ತಪ್ಪಿದರೂ, ತನ್ನನ್ನೇ ಪೂಜಿಸುತ್ತಾರೆ ಎನ್ನುತ್ತಾನೆ ಕೃಷ್ಣ. ಒಪ್ಪಿದೆ. ಆದರೆ ಅಲ್ಲಿ ವಿಧಿಗೆ ವಿನಾಯಿತಿ ಸಿಕ್ಕಿತೇ ಹೊರತು ಶ್ರದ್ಧೆಗಲ್ಲ. ಒಂದು ಸಂಜೆಯ ಆಚರಣೆಗೆ ಪಟ್ಟಿಯಿಂದ ಆರಿಸಿಕೊಂಡ ದೇವತೆಯ ಮೇಲೆ ಎಷ್ಟು ಶ್ರದ್ಧೆ ಇದ್ದೀತು?

ನಮ್ಮಲ್ಲೇನು ಎಲ್ಲ ಹಿಂದಿನಂತೆಯೇ ನಡೆದಿದೆಯೇ ಎಂದೂ ಕೇಳಬಹುದು. ಇಲ್ಲ. ಪ್ರಾಣಿಬಲಿಯನ್ನು ತಡೆಯುವ 1959ರ ಕಾಯಿದೆಯಾದ ಮೇಲೆ ಎಷ್ಟೋ ಊರಮ್ಮಂದಿರಿಗೆ ಕುರಿ, ಕೋಣದ ಬದಲು ಕುಂಬಳಕಾಯಿ ಒಡೆಯುತ್ತಾರೆ. ಆದರೆ ಆ ಬದಲಾವಣೆಗೆ ಊರು ಜಗಳಾಡಿತು, ಹೆದರಿತು, ಕೊನೆಗೆ ಹೊಣೆ ಹೊತ್ತಿತು. ಹೊರಗಿನವರೂ ಹೀಗೆ ಹೊಣೆ ಹೊರಬಲ್ಲರು. ಕ್ಯಾಲಿಫೋರ್ನಿಯಾದ ಲಗೂನಾ ಬೀಚಿನಲ್ಲಿ 1993ರಲ್ಲಿ ಆರಂಭವಾದ ಕಾಳಿ ಮಂದಿರದಲ್ಲಿ ದಕ್ಷಿಣೇಶ್ವರದ ಕಾಳಿ ಗುಡಿಯ ಕ್ರಮವನ್ನು ಅನುಸರಿಸಿ ದಿನವೂ ಪೂಜೆ ನಡೆಯುತ್ತದೆ. ಅಂಥವರನ್ನು ಪರಕೀಯರೆನ್ನಲು ನಮಗೆ ಯಾವ ಅಧಿಕಾರವಿದೆಯೋ ಕಾಣೆ. ಹುಟ್ಟಿನ ಲೆಕ್ಕ ನಮ್ಮ ನೆರೆಯಲ್ಲೇ ಎಷ್ಟು ಎಡವಟ್ಟಾಗುತ್ತದೆಂಬುದಕ್ಕೆ ಕೆ.ಜೆ. ಯೇಸುದಾಸ್ ಸಾಕ್ಷಿ. ಕ್ರೈಸ್ತರ ಮನೆಯಲ್ಲಿ ಹುಟ್ಟಿದ ಅವರು ವರ್ಷಗಟ್ಟಲೆ ಜನವರಿ 10ರ ತಮ್ಮ ಹುಟ್ಟುಹಬ್ಬಕ್ಕೆ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಮುಂದೆ ಹಾಡಿದರು. ಅದೇ ಗಾಯಕನಿಗೆ, ಕೃಷ್ಣನ ಮೇಲಿನ ಅವರ ಹಾಡುಗಳು ಮನೆಮನೆಯಲ್ಲಿ ಕೇಳುತ್ತಿದ್ದರೂ, ಗುರುವಾಯೂರಿನ ಬಾಗಿಲು ತೆರೆಯಲಿಲ್ಲ.