ಮೇಜಿನ ಕೆಳಗಿನ ಮುಖ

ನಾಟಕದ ದೃಶ್ಯವನ್ನು ಚಿತ್ರಿಸುವ ಕಲಾವಿದನು ಯಾವುದಕ್ಕೆ ನಿಷ್ಠನಾಗಿರಬೇಕು ಎಂಬ ಪ್ರಶ್ನೆಗೆ, ರಂಗದ ಮೇಲೆ ನಡೆದುದಕ್ಕೆ ಎಂಬ ಉತ್ತರವೇ ಮೊದಲು ಹೊಳೆಯುತ್ತದೆ. ಆದರೆ ಫ್ರೆಂಚ್ ನಾಟಕಕಾರ ಮೋಲಿಯೇರನ ಹರ್ಷನಾಟಕಗಳ ಹಳೆಯ ಮುದ್ರಣಗಳಲ್ಲಿರುವ ಚಿತ್ರಗಳನ್ನು ನೋಡಿದರೆ ಆ ಉತ್ತರ ಸಾಲದೆಂದು ತಿಳಿಯುತ್ತದೆ. ಕಾವ್ಯ ಕಾಲದಲ್ಲಿ ಚಲಿಸುತ್ತದೆ, ಚಿತ್ರ ಸ್ಥಳದಲ್ಲಿ ನಿಲ್ಲುತ್ತದೆ, ಆದ್ದರಿಂದ ಹಿಂದಿನದೂ ಮುಂದಿನದೂ ಊಹೆಗೆ ನಿಲುಕುವಂತಹ ಒಂದೇ ಒಂದು ಗರ್ಭಿತ ಕ್ಷಣವನ್ನು ಚಿತ್ರಕಾರ ಆರಿಸಿಕೊಳ್ಳಬೇಕು ಎಂದು ಜರ್ಮನ್ ವಿಮರ್ಶಕ ಲೆಸ್ಸಿಂಗ್ 1766ರ ‘ಲಾವೊಕೂನ್’ ಗ್ರಂಥದಲ್ಲಿ ವಾದಿಸಿದನು. ಹರ್ಷನಾಟಕದ ಚಿತ್ರಕಾರರು ಈ ನಿಯಮವನ್ನು ಅದು ಹುಟ್ಟುವ ಮೊದಲೇ ಮುರಿದಿದ್ದರು, ಮತ್ತು ಮುರಿದದ್ದು ಸರಿಯೇ ಆಗಿತ್ತು.

ಎ. ಎನ್. ಮೂರ್ತಿರಾಯರ ‘ಆಷಾಢಭೂತಿ’ಯ ಮೂಲಕ ಕನ್ನಡಕ್ಕೂ ಪರಿಚಿತವಾದ ‘ತಾರ್ತುಫ್’ ನಾಟಕದ ನಾಲ್ಕನೆಯ ಅಂಕದಲ್ಲಿ, ಮನೆಯ ಯಜಮಾನ ಒರ್ಗೋನನನ್ನು ಅವನ ಹೆಂಡತಿ ಎಲ್ಮೀರ್ ಮೇಜಿನ ಕೆಳಗೆ ಅಡಗಿಸಿ, ಧರ್ಮಾತ್ಮನೆಂದು ಅವನು ನಂಬಿರುವ ತಾರ್ತುಫನ ಕಾಮುಕತೆಯನ್ನು ಗಂಡನ ಕಿವಿಗೇ ಬೀಳಿಸುತ್ತಾಳೆ. ಅವಳು ಕೆಮ್ಮಿ ಸನ್ನೆ ಮಾಡಿದರೂ ಒರ್ಗೋನ್ ಅಲುಗುವುದಿಲ್ಲ. ತಾರ್ತುಫ್ ಹೊರಗೆ ಯಾರಾದರೂ ಇದ್ದಾರೆಯೇ ಎಂದು ನೋಡಲು ಹೋದ ಮೇಲಷ್ಟೇ ಅವನು ಮೇಲೇಳುತ್ತಾನೆ. ಮೋಲಿಯೇರನ ನಾಟಕಗಳ 1682ರ ಸಮಗ್ರ ಆವೃತ್ತಿಗೆ ಪಿಯೇರ್ ಬ್ರಿಸಾರ್ ರಚಿಸಿದ ಚಿತ್ರದಲ್ಲಾದರೋ ತಾರ್ತುಫನೂ ಎಲ್ಮೀರಳೂ ಎದುರುಬದುರಾಗಿರುವಾಗಲೇ ಒರ್ಗೋನ್ ಮೇಜಿನ ಹೊದಿಕೆಯಡಿಯಿಂದ ಮುಖ ಹೊರಹಾಕಿದ್ದಾನೆ. ನಾಟಕದ ಗಡಿಯಾರಕ್ಕೆ ಇದು ಸುಳ್ಳು. ಪ್ರೇಕ್ಷಕನ ಅರಿವಿಗೆ ಮಾತ್ರ ಸಂಪೂರ್ಣ ಸತ್ಯ. ಏಕೆಂದರೆ ಆ ದೃಶ್ಯದ ಉದ್ದಕ್ಕೂ ಪ್ರೇಕ್ಷಕನ ಮನಸ್ಸಿನಲ್ಲಿ ಒರ್ಗೋನನ ಮುಖ ಇದ್ದೇ ಇರುತ್ತದೆ, ಅವನು ಕಾಣದಿದ್ದರೂ ನಗು ಹುಟ್ಟುವುದು ಅವನ ಮೌನದಿಂದಲೇ. ಒಬ್ಬನಿಗೆ ತಿಳಿದದ್ದು ಇನ್ನೊಬ್ಬನಿಗೆ ತಿಳಿಯದಿರುವುದೇ ಹರ್ಷನಾಟಕದ ನಿಜವಾದ ಕ್ರಿಯೆ ಎನ್ನುವುದಾದರೆ, ಚಿತ್ರಿಸಬೇಕಾದದ್ದು ಕ್ಷಣವನ್ನಲ್ಲ, ಅರಿವು ಪಾತ್ರಗಳ ನಡುವೆ ಹಂಚಿಹೋಗಿರುವ ಬಗೆಯನ್ನು. ಹೊದಿಕೆ, ಬಾಗಿಲು, ಪರದೆ ಮುಂತಾದ ರಂಗಸಾಮಗ್ರಿಗಳು ಈ ಹಂಚಿಕೆಯನ್ನು ಸ್ಥಳದಲ್ಲೇ ಗುರುತು ಮಾಡಿಕೊಡುತ್ತವೆ. ಹೀಗಾಗಿ ದುರಂತನಾಟಕಕ್ಕಿಂತ ಹರ್ಷನಾಟಕವೇ ಚಿತ್ರಕ್ಕೆ ಹೆಚ್ಚು ಒದಗುತ್ತದೆ.

1734ರ ಆವೃತ್ತಿಗೆ ಫ್ರಾಂಸ್ವಾ ಬೂಶೇ ಬರೆದು ಲೋರಾನ್ ಕಾರ್ ತಾಮ್ರಫಲಕದಲ್ಲಿ ಕೊರೆದ ಚಿತ್ರಗಳು ರೇಖಾಕೌಶಲದಲ್ಲಿ ಬ್ರಿಸಾರನನ್ನು ಬಹಳ ಹಿಂದೆ ಹಾಕುತ್ತವೆ. ಆದರೂ ಅವುಗಳಲ್ಲಿ ಪಾತ್ರಗಳು ನಿಜವಾದ ಮನೆಗಳಲ್ಲಿ ಬಾಳುವವರಂತೆ ಕಾಣುತ್ತಾರೆಯೇ ಹೊರತು ನೋಡುವವರ ಎದುರು ನಿಂತವರಂತೆ ಕಾಣುವುದಿಲ್ಲ. ಮನೆ ನಿಜವಾದಷ್ಟೂ ರಂಗ ಮಸುಕಾಗುತ್ತದೆ, ರಂಗದೊಡನೆ ಪ್ರೇಕ್ಷಕನ ವಿಶೇಷಾಧಿಕಾರವೂ ಕುಗ್ಗುತ್ತದೆ. ಇದು ಸಣ್ಣ ನಷ್ಟವಲ್ಲ.

ಹಾಗೆಂದು ಬ್ರಿಸಾರನ ಮಾರ್ಗ ಎಲ್ಲೆಡೆಯೂ ನಡೆಯುವಂಥದಲ್ಲ. ‘ತಾರ್ತುಫ್’ ನಾಟಕದ ಮೊದಲನೆಯ ಅಂಕದಲ್ಲಿ ಹೆಂಡತಿಯ ಜ್ವರದ ಸುದ್ದಿ ಕೇಳುತ್ತಲೇ ಒರ್ಗೋನ್ ಮತ್ತೆ ಮತ್ತೆ ತಾರ್ತುಫನಿಗಾಗಿ ಮರುಗುವ ಮಾತಿನ ಹಾಸ್ಯ ಪುನರಾವೃತ್ತಿಯಲ್ಲಿದೆ, ಅದನ್ನು ಯಾವ ರೇಖೆಯೂ ಹಿಡಿಯಲಾರದು. 1668ರ ‘ಜಿಪುಣ’ ನಾಟಕದ ಕಷ್ಟ ಇದಕ್ಕಿಂತ ಆಳವಾದದ್ದು. ಹಣದ ಪೆಟ್ಟಿಗೆ ಕಳವಾದ ಹಾರ್ಪಗೋನ್ ಕಳ್ಳನೆಂದು ತನ್ನ ತೋಳನ್ನೇ ಹಿಡಿಯುವುದನ್ನು ಚಿತ್ರಿಸಬಹುದು. ಆದರೆ ಆಮೇಲೆ ಅವನು ಸಭೆಯತ್ತ ತಿರುಗಿ, ನಗುತ್ತಿರುವ ಅಷ್ಟೂ ಜನರನ್ನು ಕಳ್ಳತನದಲ್ಲಿ ಪಾಲುದಾರರೆಂದು ಶಂಕಿಸುತ್ತಾನೆ, ಆ ಶಂಕೆಗೆ ಗುರಿಯಾಗಲು ಒಟ್ಟಿಗೆ ನಗುವ ಸಭೆಯೇ ಬೇಕು. ಪುಟದಿಂದಾಚೆ ದಿಟ್ಟಿಸುವ ಚಿತ್ರದ ಹಾರ್ಪಗೋನನಿಗೆ ಎದುರಾಗುವವನು ಒಬ್ಬನೇ ಓದುಗ, ಅವನೂ ಮೌನವಾಗಿ ಓದುತ್ತಿರುವವನು.